ನಲವತ್ತು ನಿಮಿಷದ ಟಾಕಿ

ಧರ್ಮಣ್ಣನ ಮನೆಯಲ್ಲಿ ಆ ತಿಂಗಳು ಒಬ್ಬರ ಮುಖ ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ಕಾರಣ ಹೇಳಿದರೆ ನೀವು ನಗುತ್ತೀರಿ. ನಗಬೇಡಿ. ಐದು ಮಂದಿಯ ಮನೆ, ಒಂದೇ ಸಂಡಾಸು, ಅದರ ಫ್ಲಶ್ ಟಾಕಿ ಒಮ್ಮೆ ಖಾಲಿಯಾದರೆ ಮತ್ತೆ ತುಂಬಲು ಬರೋಬ್ಬರಿ ನಲವತ್ತು ನಿಮಿಷ. ನಿಮ್ಮ ಮನೆಯಲ್ಲಿ ಮೂರು ದಿನ ಹಾಗಾಗಲಿ, ಆಮೇಲೆ ಮಾತಾಡೋಣ.

ಮೊದಲು ಏಳುವವನು ಮಗ ಅಜಯಕುಮಾರ. ಜೇವರ್ಗಿ ಕಡೆಯ ಸರಕಾರಿ ಹೈಸ್ಕೂಲೊಂದರಲ್ಲಿ ಗಣಿತದ ಮಾಸ್ತರ. ಅಫಜಲಪುರದ ಬಸ್‌ಸ್ಟ್ಯಾಂಡಿನಲ್ಲಿ ಆರು ಗಂಟೆಯ ಗಾಡಿ ತಪ್ಪಿದರೆ ಮೊದಲ ಪೀರಿಯಡ್ಡೂ ತಪ್ಪಿದ ಹಾಗೆ. ಅವನು ಐದೂವರೆಗೆ ಫ್ಲಶ್ ಒತ್ತಿ ಹೊರಬಂದರೆ ಟಾಕಿ ಮತ್ತೆ ತುಂಬುವುದು ಆರೂ ಹತ್ತಕ್ಕೆ. ಆಗ ಒಳಗೆ ಹೋಗುವವನು ಧರ್ಮಣ್ಣ. ಮೂವತ್ತೊಂದು ವರ್ಷ ಸರಕಾರಿ ಬಸ್ಸು ಓಡಿಸಿ ರಿಟೈರಾದವನು. ಬಸ್ಸಿನಲ್ಲಾಗಲಿ ಸಂಡಾಸಿನಲ್ಲಾಗಲಿ ಸೀಟು ಹಿಡಿದನೆಂದರೆ ಸುಮ್ಮನೆ ಏಳುವ ಪೈಕಿ ಅಲ್ಲ. ಅವನ ಹಿಂದೆ ಏಳು ಗಂಟೆಯ ಟ್ಯೂಶನ್ನಿಗೆ ಓಡಬೇಕಾದ ಮೊಮ್ಮಗಳು ಮಧುಮತಿ, ಎಂಟಕ್ಕೆ ತಾಲೂಕಿನ ಆಸ್ಪತ್ರೆಯಲ್ಲಿ ನರ್ಸ್ ಡ್ಯೂಟಿಗೆ ನಿಲ್ಲಬೇಕಾದ ಸೊಸೆ ಪಂಚಶೀಲಾ. ಎಲ್ಲರ ಕೊನೆಗೆ ಧರ್ಮಣ್ಣನ ಹೆಂಡತಿ ಮಾಣಿಕಮ್ಮ.

ಉಳಿದವರೇನೋ ತೀರಾ ಅವಸರವಾದರೆ ಬಕೇಟು ಹೊತ್ತು ಹೋಗಿ ಬರುತ್ತಿದ್ದರು. ಮಾಣಿಕಮ್ಮನಿಗೆ ಅದಾಗದು. ಮೂರು ತಿಂಗಳ ಹಿಂದೆ ಕಲಬುರಗಿಯಲ್ಲಿ ಅವಳ ಎರಡೂ ಮಣಕಾಲು ಆಪರೇಶನ್ ಆಗಿದ್ದವು. ಭಾರ ಎತ್ತುವಂತಿಲ್ಲ, ಕುಕ್ಕರುಗಾಲಿನಲ್ಲಿ ಕೂಡುವುದಂತೂ ಜನ್ಮಕ್ಕೆ ಬಂದ್ ಎಂದು ಡಾಕ್ಟರು ಎರಡೆರಡು ಸಲ ಹೇಳಿ ಕಳಿಸಿದ್ದರು. ಆ ಮಾತು ಹಿಡಿದು ಹಳೆಯ ಸಂಡಾಸು ಒಡೆಸಿ ಕಮೋಡ ಕೂಡಿಸಿದವಳು ಪಂಚಶೀಲಾ. ಧರ್ಮಣ್ಣ ಸುತರಾಂ ಒಪ್ಪಿರಲಿಲ್ಲ.

"ಕುರ್ಚಿ ಮ್ಯಾಲ ಕುಂತ್ರ ಯಾರಿಗೆ ಬರ್ತದವ್ವಾ?" ಎಂದಿದ್ದ.

"ಕುಂತ್ ನೋಡ್ರಿ ಮಾವಾ, ತಾನಾಗೇ ಬರ್ತದ," ಎಂದಿದ್ದಳು ಪಂಚಶೀಲಾ.

ಬಂತು ಕೂಡ. ಮೊದಲ ತಿಂಗಳು ಏನೊಂದು ತಕರಾರಿಲ್ಲ. ಪಂಚಶೀಲಾ ಅತ್ತೆಯ ರಟ್ಟೆ ಹಿಡಿದು ಕರೆದೊಯ್ಯುವಳು, ತಾನೇ ಫ್ಲಶ್ ಒತ್ತುವಳು, ಹಿಡಿದು ಕರೆತರುವಳು. ಎರಡನೆಯ ತಿಂಗಳು ಮಾಣಿಕಮ್ಮ ಕೋಲು ಹಿಡಿದು ತಾನೇ ಓಡಾಡತೊಡಗಿದಳು. ಮನೆಮಂದಿಗೆ ಹಬ್ಬ. ಆ ಹಬ್ಬ ಮುಗಿಯುವುದರೊಳಗೆ ಟಾಕಿಗೆ ರೋಗ ಬಂತು.

ಪಂಚಶೀಲಾ ಬೆಳಗಿನ ಹೊತ್ತು ರೊಟ್ಟಿ ಬಡಿಯುತ್ತ ಈ ಜಗಳ ಕೇಳಬೇಕು:

"ಮುತ್ಯಾ, ಎಷ್ಟೊತ್ತದು? ನಂದು ಟ್ಯೂಶನ್ ಅದ!"

"ತಡಿಯವ್ವಾ, ಟಾಕಿ ತುಂಬ್ಬೇಕಲಾ."

"ಬಕೇಟ್ ತಗೊಂಡ್ ಹೋಗಬೇಕಿತ್ತು!"

"ಬಕೇಟ್ ಹೊರೋದೇ ಇತ್ತಂದ್ರ ಈ ಟಾಕಿ ಯಾಕ ಹಚ್ಚಬೇಕಿತ್ತು? ಹೋಗು, ನಿಮ್ಮವ್ವನ ಕೇಳು."

ನಿಮ್ಮವ್ವ ಅಂದರೆ ಪಂಚಶೀಲಾ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವಳು ಸಿಟ್ಟೆಲ್ಲ ಹಿಟ್ಟಿನ ಮೇಲೆ ತೀರಿಸುತ್ತಿದ್ದಳು. ಆ ತಿಂಗಳು ಆ ಮನೆಯ ರೊಟ್ಟಿ ಬಹಳ ತೆಳ್ಳಗಾಗುತ್ತಿದ್ದವು.

ರಾಜೇಸಾಬನನ್ನು ಕರೆಸಿದರು. ಊರಿನ ಹಳೆಯ ನಳದ ಮಿಸ್ತ್ರಿ, ಗಡ್ಡ ನರೆತವನು, ಕೈಯಲ್ಲಿ ನಟ್ಟು ತಿರುವುವ ಪಾನಾ ಇಲ್ಲದಿದ್ದರೆ ಮಾತು ಹೊರಡದವನು. ಟಾಕಿಯ ಮುಚ್ಚಳ ತೆಗೆದ, ಒಳಗೆ ಕೈ ಆಡಿಸಿದ, ವಾಸರ್ ಹೋಗಿದೆ ಎಂದು ಹೊಸದು ಹಾಕಿದ. ಫ್ಲಶ್ ಒತ್ತಿ ತೋರಿಸಿದರೆ ಮೂರೇ ನಿಮಿಷಕ್ಕೆ ಟಾಕಿ ಭರ್ತಿ. ಧರ್ಮಣ್ಣ ಅವನಿಗೆ ಚಹಾ ಕುಡಿಸಿ ಕಳಿಸಿದ. ಮರುದಿನ ಸಂಜೆಗೆ ಮತ್ತೆ ನಲವತ್ತು ನಿಮಿಷ.

ಎರಡನೆಯ ಸಲ ಬಂದವನು ನೀರು ಬರುವ ಬಾಯಿಗೆ ಇರುವ ಪುಟ್ಟ ಜಾಲರಿ ಬಿಚ್ಚಿದ. "ನೋಡ್ರಿ ಡ್ರೈವರ್ ಸಾಬ್, ಸವಳ ನೀರಿಗೆ ಹ್ಯಾಂಗ್ ಕಟ್ಟ್ಯಾದ," ಎಂದು ಬಿಳಿಯ ಹಳಕು ಉದುರಿಸಿ ತೋರಿಸಿ, ತೊಳೆದು ಹಾಕಿದ. ಮತ್ತೆ ಮೂರು ನಿಮಿಷ. ಈ ಸಲ ಬರೀ ನೀರು ಕುಡಿಸಿ ಕಳಿಸಿದರು. ಮರುದಿನಕ್ಕೆ ಹಳೆ ಕಥೆಯೇ. ಡಾಕ್ಟರ ಮುಂದೆ ಕುಂತಕೂಡಲೇ ನಿಂತುಹೋಗಿ ಮನೆಗೆ ಬಂದಮೇಲೆ ಶುರುವಾಗುವ ಹಲ್ಲುನೋವು ಇರುತ್ತದಲ್ಲ, ಈ ಟಾಕಿಯದು ಅದೇ ಜಾತಿ.

ಮೂರನೆಯ ಸಲ ಒಳಗೆ ನೀರಿನ ಮೇಲೆ ತೇಲುವ ಬಾಲು, ಅದರ ಸರಳು, ಎಲ್ಲ ಹೊಸದೇ ಹಾಕಿದ. ಆಗಲೂ ಅವನ ಮುಖದಲ್ಲಿ ಸಮಾಧಾನವಿಲ್ಲ. ಪಾನಾ ಒರೆಸುತ್ತ ಪಡಸಾಲೆಗೆ ಬಂದು ಕೇಳಿದ: "ಕಾಕ್ ಏನರೆ ಮನ್ಯಾಗ ಯಾರಾರ ಮುಟ್ಟಾಕತ್ತೀರೇನ್ರಿ?"

ಮಂಚದ ಮೇಲೆ ಕುಂತಿದ್ದ ಮಾಣಿಕಮ್ಮನೇ ಮೊದಲು ಉತ್ತರ ಕೊಟ್ಟಳು. "ಇಲ್ಲಪ್ಪಾ. ಕಾಕ್ ಗೀಕ್ ನಾವ್ಯಾಕ ಮುಟ್ಟೋಣು? ನಮಗೇನ್ ತಿಳೀತದ ಅದ್ರಾಗ."

"ಯಾಕಲೇ ರಾಜೇಸಾಬ," ಧರ್ಮಣ್ಣ ಎದ್ದು ನಿಂತ. "ನಿನ್ ಕೈಲೆ ಆಗ್ಲಿಲ್ಲಂದ್ರ ಆಗ್ಲಿಲ್ಲ ಅನ್ನು. ನಮ್ಮನ್ಯಾಗ ಹುಚ್ಚರದಾರಂತ ತಿಳದೀ ಏನು?"

"ಹಂಗಲ್ರಿ ಸಾಬ್..."

"ಕುಣಿಲಿಕ್ಕೆ ಬರದಾಕಿ ನೆಲ ಡೊಂಕ ಅಂದ್ಳಂತ. ಹೋಗು, ಹೋಗು."

ರಾಜೇಸಾಬ ಚೀಲ ಹೆಗಲಿಗೇರಿಸಿ ಹೋದ. ಟಾಕಿ ಒಂದು ದಿನ ಚಂದ ತುಂಬಿತು, ಮತ್ತೆ ಮಲಗಿತು.

ಇಲ್ಲಿಯ ತನಕ ನಗುವ ಮಾತೇ ಆಯಿತು. ಮುಂದಿನದು ನಗುವಂಥದ್ದಲ್ಲ. ಪಂಚಶೀಲಾ ಒಂದು ಬೆಳಿಗ್ಗೆ ಅತ್ತೆಯ ಮಂಚದ ಪಕ್ಕದ ತಂಬಿಗೆ ಎತ್ತಿ ನೋಡಿದರೆ ಹಿಂದಿನ ದಿನ ಇಟ್ಟ ನೀರು ಇಟ್ಟ ಹಾಗೇ ಇತ್ತು. ಮರುದಿನವೂ ಹಾಗೇ. ಲಕ್ಷ್ಯ ಇಟ್ಟು ನೋಡಿದಳು: ಎರಡು ರೊಟ್ಟಿ ಉಣ್ಣುವ ಮುದುಕಿ ಅರ್ಧಕ್ಕೆ ಕೈ ತೊಳೆಯುತ್ತಿದ್ದಾಳೆ, ಬೇಳೆ ಬೇಡ, ಮಜ್ಜಿಗೆ ಬೇಡ. ತುಟಿ ಒಣಗಿ ಸಿಪ್ಪೆ ಎದ್ದಿದೆ. ದಿನಾ ಇಪ್ಪತ್ತು ಪೇಶಂಟುಗಳ ತುಟಿ ನೋಡುವವಳಿಗೆ ತನ್ನ ಮನೆಯದು ಇಷ್ಟು ತಡವಾಗಿ ಕಂಡಿತಲ್ಲ ಎಂದು ನಾಚಿಕೆಯಾಯಿತು.

"ಅತ್ತೀ, ಉರಿ ಆಗ್ತದೇನ್ರಿ ಹೋಗುವಾಗ?"

ಮಾಣಿಕಮ್ಮ ಗೋಡೆ ನೋಡಿದಳು. "ಜರಾ ಆಗ್ತದ."

"ನೀರ್ ಯಾಕ ಕುಡ್ಯಾಕ್ವಲ್ರಿ?"

"ಕುಡದ್ರ ಹೋಗಬೇಕಾಗ್ತದ. ಹೋದ್ರ ಟಾಕಿ ಖಾಲಿ ಆಗ್ತದ. ಟಾಕಿ ಖಾಲಿ ಆದ್ರ ನಿಮ್ ಮಾವ ಚೀರ್ತಾನ, ನಿನ್ ಮಗಳು ಬಾಗಲಾ ಬಡೀತಾಳ, ನಿಂಗ ಡ್ಯೂಟಿಗೆ ತಡಾ. ನನ್ ಒಬ್ಬಾಕಿ ಸಲುವಾಗಿ ಎಲ್ಲಾರಿಗೂ ತ್ರಾಸ್ ಯಾಕಬೇ?" ಎಂದವಳು ಸ್ವಲ್ಪ ತಡೆದು, "ಬರೋ ಐತಾರ ಮಣ್ಣೂರಿಗೆ ಹೋಗ್ತೇನಿ. ಭೀಮಬಾಯಿಗೆ ಫೋನ್ ಮಾಡೀನಿ," ಎಂದಳು.

ಮಣ್ಣೂರು ಅಂದರೆ ಭೀಮೆಯ ದಂಡೆಯ ಅವರ ಸ್ವಂತ ಊರು. ಅಲ್ಲಿ ಮಾಣಿಕಮ್ಮನ ಮೈದುನನ ಮನೆ, ಅವನ ಹೆಂಡತಿ ಭೀಮಬಾಯಿ. ಅಂತಃಕರಣಕ್ಕೆ ಕಡಿಮೆಯಿಲ್ಲದ ಮಂದಿ. ಆದರೆ ಆ ಮನೆಯ ಸಂಡಾಸು ಹಿತ್ತಲ ಮೂಲೆಯಲ್ಲಿ, ಎರಡು ಮೆಟ್ಟಿಲು ಹತ್ತಿ, ಕುಕ್ಕರುಗಾಲಿನಲ್ಲಿ ಕೂಡುವಂಥದ್ದು. ಹೊಸ ಮಣಕಾಲು ಹಾಕಿಸಿಕೊಂಡ ಹೆಂಗಸು ಅಲ್ಲಿ ಎಂಟು ದಿನ ಕುಂತರೆ ಕಲಬುರಗಿಯಲ್ಲಿ ಮಾಡಿಸಿದ್ದೆಲ್ಲ ನೀರಲ್ಲಿ ಹೋಮ. ಜಾರಿ ಬಿದ್ದರಂತೂ ಮತ್ತೆ ಏಳುವ ಮಾತೇ ಇಲ್ಲ. ಪಂಚಶೀಲಾಳಿಗೆ ಅದು ಕಣ್ಣಿಗೆ ಕಟ್ಟಿದಂತೆ ಗೊತ್ತು.

ಗಂಡನ ಮುಂದೆ ಹೇಳಿದಳು. ಅಜಯಕುಮಾರ ಬಹಳ ಒಳ್ಳೆಯವನು. ತಾಯಿ ಹೇಳಿದ್ದಕ್ಕೂ ಹೂಂ, ಹೆಂಡತಿ ಹೇಳಿದ್ದಕ್ಕೂ ಹೂಂ.

"ಹೋಗ್ಲಿ ಬಿಡು, ಎಂಟ್ ದಿನ ಇದ್ದು ಬರ್ಲಿ. ಅಷ್ಟರಾಗ ಬ್ಯಾರೆ ಮಿಸ್ತ್ರಿನ್ನ ನೋಡೂನು."

"ನಿಮ್ಮವ್ವ ಎಂಟ್ ದಿನಕ್ಕ ಹೊಂಟಿಲ್ರಿ. ನಮಗ ಭಾರ ಆಗೇನಿ ಅಂತ ಹೊಂಟಾರ. ಹಂಗ್ ಹೋದೋರು ತಿರುಗಿ ಬರಂಗಿಲ್ಲ."

"ಹಂಗಾದ್ರ ನೀ ಹೇಳು ಅವ್ವಗ."

"ನಾ ಹೇಳ್ಲಿ, ನಾ ಕಮೋಡ ಹಾಕಸ್ಲಿ, ನಾ ಬೈಸ್ಕೋಲಿ. ನೀವು ಬಸ್ ಹಿಡೀರಿ!"

ಅಜಯಕುಮಾರ ನಿಜಕ್ಕೂ ಬಸ್ಸು ಹಿಡಿಯಲು ಹೋದ. ಪಂಚಶೀಲಾ ಒಲೆಯ ಮುಂದೆ ಕುಂತು ಅತ್ತಳು. ಎಂಟು ವರ್ಷದವಳಿದ್ದಾಗ ತಾಯಿ ತೀರಿಕೊಂಡಿದ್ದಳು ಅವಳಿಗೆ. ಮಧುಮತಿಯನ್ನು ಹೆತ್ತ ಮೇಲೆ ತನ್ನ ಮೈಗೆ ಎಣ್ಣೆ ಹಚ್ಚಿ ನೀರು ಹಾಕಿದವಳು, ನರ್ಸಿಂಗ್ ಪರೀಕ್ಷೆಗೆ ಓದುವಾಗ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಕುಂತವಳು ಈ ಮುದುಕಿಯೇ. ಇಬ್ಬರೂ ಜಗಳಾಡದ ದಿನವಿಲ್ಲ. ಜಗಳಾಡಲಿಕ್ಕಾದರೂ ಮನೆಯಲ್ಲಿ ಇರಬೇಕಲ್ಲ.

ಗುರುವಾರ ಜತೆಯ ನರ್ಸ್ ಭಾಗ್ಯಜ್ಯೋತಿ ಡ್ಯೂಟಿ ಬದಲಾಯಿಸಿಕೊಂಡಿದ್ದರಿಂದ ಪಂಚಶೀಲಾ ಮಧ್ಯಾಹ್ನ ಎರಡಕ್ಕೇ ಮನೆಗೆ ಬಂದಳು. ಆ ಹೊತ್ತಿಗೆ ಅವಳು ಮನೆ ನೋಡುವುದೇ ಅಪರೂಪ. ಧರ್ಮಣ್ಣ ಹೊರಗೆ ಹೋಗಿದ್ದ. ಹಿಂದಿನ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಸಂಡಾಸಿನ ಒಳಗೆ ಫ್ಲಶ್ ಒತ್ತಿದ ಸದ್ದಾಯಿತು. ಹಿಂದೆಯೇ ಟಾಕಿಗೆ ನೀರು ಸುರಿಯುವ ಸುರ್ರ್ ಸದ್ದು, ಜೋರಾಗಿ. ಅರೆ, ಚಂದ ತುಂಬುತ್ತಿದೆಯಲ್ಲ ಎಂದುಕೊಳ್ಳುವಷ್ಟರಲ್ಲಿ ಆ ಸದ್ದು ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ನಿಂತೇಬಿಟ್ಟಿತು.

ಪಂಚಶೀಲಾ ಕೈಯಲ್ಲಿದ್ದ ಚಪ್ಪಲಿ ಹಾಗೇ ಹಿಡಿದು ನಿಂತಳು. ದಿನಕ್ಕೆ ಹತ್ತು ಸಲಾಯಿನ್ ಹಚ್ಚುವ ಕೈ ಅದು. ನಳಿಗೆಯ ಮೇಲಿನ ಗಾಲಿ ತಿರುವಿದರೆ ಹನಿ ಹೇಗೆ ಸಣ್ಣಗಾಗುತ್ತದೆ ಎಂಬುದು ಅವಳಿಗೆ ನಿದ್ದೆಯಲ್ಲೂ ಗೊತ್ತು. ಇದು ತಾನಾಗಿ ನಿಂತ ಸದ್ದಲ್ಲ. ಯಾರೋ ತಿರುವಿದ್ದು.

ಬಾಗಿಲು ದೂಡಿದಳು. ಅಗಳಿ ಹಾಕಿರಲಿಲ್ಲ. ಮಾಣಿಕಮ್ಮ ಒಂದು ಕೈ ಗೋಡೆಗೆ ಊರಿ, ಇನ್ನೊಂದು ಕೈ ಟಾಕಿಯ ಕೆಳಗೆ ಚಾಚಿ ಬಗ್ಗಿದ್ದಳು. ಅಲ್ಲಿ ಗೋಡೆಯಿಂದ ಬರುವ ಪೈಪಿಗೆ ಒಂದು ಪುಟ್ಟ ತಿರುಪು ಇರುತ್ತದೆ. ಅದು ಮುದುಕಿಯ ಬೆರಳುಗಳ ನಡುವೆ ಇತ್ತು.

"ಅತ್ತೀ, ಏನ್ ಮಾಡಾಕತ್ತೀರಿ?"

"ನಳ ಬಂದ್ ಮಾಡಾಕತ್ತೇನಿ," ಮಾಣಿಕಮ್ಮ ಸೊಂಟ ಹಿಡಿದು ನೆಟ್ಟಗಾದಳು. "ನಿಮಗ್ಯಾರಿಗಾರ ಖಬರ್ ಅದೇನು? ಒಬ್ರಿಗಿಂತ ಒಬ್ರು, ಚಾಲೂ ಬಿಟ್ಟೇ ಹೊರಗ ಬರ್ತೀರಿ. ನೀರ್ ಸುರಿಯಾಕತ್ತಿದ್ರ ನಿಮ್ ಕಿವಿಗೆ ಕೇಳಸಂಗಿಲ್ಲ? ನಾ ಹೋದಾಗ ಬಿಚ್ಚಿ, ಬರುವಾಗ ಪ್ರತಿಸಲ ಸಪ್ಪಳ ನಿಲ್ಲೋತನ ತಿರುವೇ ಬರ್ತೇನಿ."

ಪಂಚಶೀಲಾ ಬಾಯಿಬಿಟ್ಟು ನಿಂತಳು. "ರಾಜೇಸಾಬ ಕೇಳ್ದಾಗ ಮುಟ್ಟಿಲ್ಲ ಅಂದ್ರೆಲ್ರೀ!"

"ಅಂವ ಕಾಕ್ ಕೇಳ್ದ. ನಾ ಕಾಕ್ ಎಲ್ಲಿ ಮುಟ್ಟೇನಿ? ಇದು ನಳ."

ಪಂಚಶೀಲಾ ಅಲ್ಲೇ ಬೋರಲು ಹಾಕಿದ್ದ ಬಕೇಟಿನ ಮೇಲೆ ಕುಂತುಬಿಟ್ಟಳು. ನಗು ಒದ್ದುಕೊಂಡು ಬಂತು. ಮೂರು ಸಲ ಮಿಸ್ತ್ರಿ, ಒಂದು ತಿಂಗಳ ಕುರುಕ್ಷೇತ್ರ, ಎಲ್ಲಾ ಈ ನಾಲ್ಕು ಬೆರಳಿನ ಕೆಲಸ! ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಅತ್ತೆಯ ಮುಖ ನೋಡಿ ನಗು ನಿಲ್ಲಿಸಿದಳು. ಮಾಣಿಕಮ್ಮನಿಗೆ ಏನೂ ತಿಳಿದಿರಲಿಲ್ಲ.

"ಅತ್ತೀ, ಇದಾ ಕಾಕ್. ಇದನ್ನ ಸಪ್ಪಳ ನಿಲ್ಲೋತನ ತಿರುವಿದ್ರ ಟಾಕಿಗೆ ನೀರು ಬರೀ ನೂಲಿನಂಗ ಬರ್ತದ. ಅದಕ್ಕಾ ತುಂಬವಲ್ದು."

"ಬಿಟ್ರ ತುಂಬಿ ಹೊರಗ ಚೆಲ್ತದಲಾ? ಮಾಳಿಗಿ ಮ್ಯಾಲಿನ ದೊಡ್ಡ ಟಾಕಿ ಪೂರಾ ಖಾಲಿ ಆಗ್ತದಲಾ?"

"ಚೆಲ್ಲಂಗಿಲ್ಲ. ನಿಂದರ್ರಿ, ತೋರಸ್ತೇನಿ."

ಪಂಚಶೀಲಾ ಟಾಕಿಯ ಮುಚ್ಚಳ ತೆಗೆದು, ತಿರುಪನ್ನು ಪೂರ್ತಿ ಬಿಚ್ಚಿದಳು. ನೀರು ಸುರ್ರ್ ಎಂದು ಸುರಿಯತೊಡಗಿತು. ಮಾಣಿಕಮ್ಮನ ಕೈ ತಾನಾಗಿಯೇ ಮುಂದೆ ಹೋಯಿತು. ಸೊಸೆ ಆ ಕೈ ಹಿಡಿದುಕೊಂಡಳು. ಇಬ್ಬರೂ ಮುಚ್ಚಳ ತೆಗೆದ ಟಾಕಿಯೊಳಗೆ ನೋಡುತ್ತ ನಿಂತರು. ಬಾಲು ಮೆಲ್ಲಗೆ ಮೇಲೆ ಬಂತು, ನೀರು ಗೆರೆಗೆ ಮುಟ್ಟಿತು, ಸದ್ದು ತಾನೇ ನಿಂತಿತು. ಇಷ್ಟು ದಿನದಲ್ಲಿ ಮಾಣಿಕಮ್ಮ ಒಮ್ಮೆಯೂ ಅಷ್ಟು ಹೊತ್ತು ಅಲ್ಲಿ ನಿಂತಿರಲಿಲ್ಲ. ತಾನೇ ನಿಲ್ಲುತ್ತದೆ ಎಂದು ಅವಳಿಗೆ ಯಾರೂ ಹೇಳಿರಲೂ ಇಲ್ಲ.

"ಹಂಗಾದ್ರ ಇಷ್ಟ್ ದಿನ ಎಲ್ಲಾ ನಾನೇ..." ಎಂದಳು.

ಮಂಚಕ್ಕೆ ಕರೆತಂದು ಕೂಡಿಸಿದ ಮೇಲೆ ಮಾಣಿಕಮ್ಮ ತನ್ನಷ್ಟಕ್ಕೆ ಹೇಳತೊಡಗಿದಳು. "ನಾ ಸಣ್ಣಾಕಿದ್ದಾಗ ಊರ ಬಾವ್ಯಾಗ ನಾವು ಕೊಡ ಬಿಡಂಗಿರ್ಲಿಲ್ಲ. ದೂರ ಕುಂತಿರಬೇಕು. ಯಾರರೆ ಪುಣ್ಯೇವಂತರು ಮ್ಯಾಲಿಂದ ಹಾಕಿದ್ರ ನೀರು, ಇಲ್ಲಂದ್ರ ಇಲ್ಲ. ಒಂದಿನ ಹಾಕಸ್ಕೊಳ್ಳಾಗ ನನ್ ಕೊಡ ವಾಲಿ ನೀರು ನೆಲಕ್ಕ ಚೆಲ್ಲಿತು. ನೀರ್ ಹಾಕೋ ಆಕಿ ಮತ್ತ ಹಾಕ್ಲಿಲ್ಲ, ಹೊಂಟೇ ಹೋದ್ಳು. ಅವತ್ತ ನಮ್ಮನ್ಯಾಗ ಹಿಟ್ಟ ಕಲಸಾಕ ನೀರಿಲ್ಲ. ನಮ್ಮವ್ವ ನನ್ ಬೆನ್ನಿಗೆ ಬಡದ್ಳು, ಆಮ್ಯಾಲ ತಾನೇ ಅತ್ಲು. ಈಗೂ ನೀರ್ ಸುರಿಯೋ ಸಪ್ಪಳ ಕೇಳಿದ್ರ ನನ್ ಎದಿ ಡವಡವ ಅಂತದಬೇ. ಏನ್ ಮಾಡ್ಲಿ?"

ಪಂಚಶೀಲಾ ಅತ್ತೆಯ ಎರಡೂ ಕೈ ಹಿಡಿದು ಪಕ್ಕದಲ್ಲಿ ಕುಂತಳು. ಹದಿನೆಂಟು ವರ್ಷ ಒಂದೇ ಒಲೆಯಲ್ಲಿ ಬೇಯಿಸಿ ಉಂಡರೂ ಈ ಮಾತು ಅವಳ ಕಿವಿಗೆ ಬಿದ್ದದ್ದು ಅಂದೇ.

"ಯಾರಿಗೂ ಹೇಳ್ಬ್ಯಾಡ," ಮಾಣಿಕಮ್ಮ ಕೊನೆಗೆ ಅಂದಳು. "ಮುದುಕಿಗೆ ತಲಿ ಕೆಟ್ಟದ ಅಂತಾರ. ನಿಮ್ ಮಾವ ಬಸ್‌ಸ್ಟ್ಯಾಂಡ್ ತುಂಬಾ ಸಾರ್ತಾನ. ಐತಾರ ಹೆಂಗೂ ಹೊಂಟೇನಿ."

"ಯಾಕ್ ಹೊಂಟೀರಿ? ಟಾಕಿ ಬರೋಬ್ಬರಿ ಆಯ್ತಲ್ರೀ!"

"ಟಾಕಿ ಆಯ್ತು. ಯಾವ ಮಾರಿ ಹೊತ್ಕೊಂಡು ಇರ್ಲಿ?"

ಪಂಚಶೀಲಾ ಹೇಳುವುದಿಲ್ಲ ಎಂದು ಮಾತು ಕೊಟ್ಟಳು. ಆ ಸಂಜೆ ಟಾಕಿ ಮೂರು ನಿಮಿಷಕ್ಕೆ ತುಂಬಿತು, ಮರುದಿನ ಬೆಳಿಗ್ಗೆಯೂ ತುಂಬಿತು. ಅಜಯಕುಮಾರ ಬಸ್‌ಸ್ಟ್ಯಾಂಡಿಗೆ ನಡೆದೇ ಹೋದ, ಓಡಲಿಲ್ಲ. ಮಧುಮತಿ ಬಾಗಿಲು ಬಡಿಯಲಿಲ್ಲ. ಕಮೋಡಕ್ಕೆ ಬುದ್ಧಿ ಬಂತು ಎಂದರು. ಆದರೆ ಮಾಣಿಕಮ್ಮ ಸೀರೆ ಮಡಚಿ ಚೀಲಕ್ಕೆ ಹಾಕುತ್ತಲೇ ಇದ್ದಳು. ಪಂಚಶೀಲಾ ಮಾತು ಕೊಟ್ಟು ಬಾಯಿಗೆ ಬೀಗ ಹಾಕಿಕೊಂಡು ಒದ್ದಾಡಿದಳು.

ಶುಕ್ರವಾರ ಸಂಜೆಯ ಊಟಕ್ಕೆ ಎಲ್ಲರೂ ಕುಂತಿದ್ದರು. ಪುಂಡಿಪಲ್ಯ, ರೊಟ್ಟಿ, ಶೇಂಗಾ ಹಿಂಡಿ. ಧರ್ಮಣ್ಣ ಬಹಳ ಖುಷಿಯಲ್ಲಿದ್ದ.

"ನೋಡಿದ್ರಿಲ್ಲೊ? ಅಂವನ ಮಾರಿ ನೋಡಲಾರ್ದಕ್ಕ ಟಾಕಿ ತಾನಾ ನೆಟ್ಟಗಾತು! ನಿನ್ನಿ ಸಂಜಿಕ ಬಸ್‌ಸ್ಟ್ಯಾಂಡಿನ್ಯಾಗ ಸಿಕ್ಕಿದ್ದ ರಾಜೇಸಾಬ. ಚಹಾದ ಅಂಗಡಿ ಮುಂದ ನಾಕ್ ಮಂದಿಯೊಳಗ ಬರೋಬ್ಬರಿ ಇಳಿಸೀನಿ. ಬೇಕಂತಾ ಅರ್ಧಾಮರ್ಧಾ ಮಾಡಿ ಹೋಗೋ ಕಳ್ಳ ಮಿಸ್ತ್ರಿ ನೀ ಅಂದೆ."

"ಅಂವ ಏನಂದ?" ಅಜಯಕುಮಾರ ಕೇಳಿದ.

"ಏನಂತಾನ? ತಲಿ ಕೆಳಗ ಹಾಕ್ದ. ನಮ್ ಗೌಸಮೊಹಿದ್ದೀನ ಕಂಡಕ್ಟರ್ ಹೊಸಾ ಮನಿ ಕಟ್ಟಾಕತ್ತಾನಲಾ, ಅದರ ನಳದ ಕೆಲಸ ಎಲ್ಲಾ ಅಂವಗ ಕೊಡೋನಿದ್ನಂತ. ಕೊಡಬ್ಯಾಡ ಅಂತ ಹೇಳೀನಿ."

ಪಂಚಶೀಲಾ ರೊಟ್ಟಿಯ ಬುಟ್ಟಿ ಹಿಡಿದು ಅತ್ತೆಯ ಕಡೆ ನೋಡಿದಳು. ಮಾಣಿಕಮ್ಮ ಮುರಿದ ರೊಟ್ಟಿ ತಾಟಿಗೆ ಬಿಟ್ಟಳು.

"ಅಂವ ಕಳ್ಳಲ್ಲ," ಎಂದಳು.

"ನಿಂಗೇನ್ ಗೊತ್ತಬೇ? ಸುಮ್ಕ ಉಣ್ಣು."

"ನನಗಾ ಗೊತ್ತದ. ಅಂವ ಮೂರ್ ಸಲಾನೂ ಬರೋಬ್ಬರಿ ಮಾಡಿ ಹೋಗ್ಯಾನ. ಅಂವ ಹೋದ ಮ್ಯಾಲ ನಾನಾ ಬಂದ್ ಮಾಡೀನಿ. ಕೆಳಗಿನ ನಳ. ದಿನಾ. ಸಪ್ಪಳ ಆಗಬಾರ್ದು, ನೀರ್ ಹಾಳಾಗಬಾರ್ದು ಅಂತ. ಅದಕ್ಕಾ ಕಾಕ್ ಅಂತಾರಂತ ನನಗ ಗೊತ್ತಿರ್ಲಿಲ್ಲ."

ತಾಟುಗಳ ಮೇಲೆ ಕೈಗಳು ನಿಂತವು. ಮಧುಮತಿಗೆ ನಗು ಬಂದು ಕೆನ್ನೆ ಉಬ್ಬಿತು. ಪಂಚಶೀಲಾ ಕಣ್ಣಲ್ಲೇ ಗದರಿದಳು. ಎಲ್ಲರೂ ಧರ್ಮಣ್ಣನ ಬಾಯಿ ನೋಡಿದರು. ಅಜ್ಜನ ಗಂಟಲು ಮೊದಲ ಸಲ ಗೇರು ಸಿಗದ ಗಾಡಿಯಂತೆ ಸದ್ದು ಮಾಡಿ ನಿಂತಿತು.

"ಕಾಕ್ ಅಲ್ಲ, ನಳ ಅಂತೇನು?" ಎಂದ ಕೊನೆಗೆ.

"ನಗೂದಿದ್ರ ನಗ್ರಿ. ಬೈಯೂದಿದ್ರ ಬೈರಿ. ನಾ ಐತಾರ ಹೋಗ್ತೇನಿ. ಆದ್ರ ಅದಕ್ಕೂ ಮೊದಲು ರಾಜೇಸಾಬನ ಮನಿಗೆ ಹೋಗೂನು. ತಪ್ಪ ನಂದು, ಮಾತ ನಿಂದು. ಇಬ್ಬರೂ ಹೋಗೂನು."

"ನಾನಾ? ಮಿಸ್ತ್ರಿ ಮನಿಗಾ?"

"ಕೂಳ ತಿನ್ನೋ ಮನುಷ್ಯಾ ಅಂವ. ನಾಕ್ ಮಂದಿಯೊಳಗ ಕಳ್ಳ ಅಂದೀಯಲಾ, ಅಂವಗೂ ಹೆಣ್ತಿ ಮಕ್ಕಳದಾರ. ನಾಕ್ ಮಂದಿ ನಮಗ ಏನೇನಂತಿದ್ರು, ಮರತೀ ಏನು?"

ಧರ್ಮಣ್ಣ ತಾಟಿನಲ್ಲಿ ಕೈ ತೊಳೆದುಬಿಟ್ಟ. ಆಮೇಲೆ ಮಗನ ಕಡೆ ತಿರುಗಿ, "ಮುಂಜಾನಿ ಆಟೋಕ್ಕ ಹೇಳು," ಎಂದ.

ಶನಿವಾರ ಒಂಬತ್ತಕ್ಕೆ ರಾಜೇಸಾಬನ ಅಂಗಳದಲ್ಲಿ ಆಟೋ ನಿಂತಿತು. ಡ್ಯೂಟಿಗೆ ರಜೆ ಹಾಕಿದ್ದ ಪಂಚಶೀಲಾ ಅತ್ತೆಯನ್ನು ಹಿಡಿದು ಇಳಿಸಿದಳು. ಆಪರೇಶನ್ ಆದ ಮೇಲೆ ಮಾಣಿಕಮ್ಮ ಮನೆ ಬಿಟ್ಟು ಹೊರಗೆ ಬಂದದ್ದು ಅದೇ ಮೊದಲು. ರಾಜೇಸಾಬ ಇವರನ್ನು ಕಂಡವನೇ ಎದ್ದು ನಿಂತ; ಇನ್ನೂ ಏನು ಬಾಕಿ ಇದೆಯೋ ಎಂಬ ಮುಖ. ಮಾಣಿಕಮ್ಮ ಅವನು ಕೊಟ್ಟ ಕುರ್ಚಿಯಲ್ಲಿ ಕೂಡಲಿಲ್ಲ, ನಿಂತೇ ಎಲ್ಲ ಹೇಳಿದಳು.

ರಾಜೇಸಾಬ ಕೇಳುತ್ತ ಕೇಳುತ್ತ ಗೋಡೆಗೆ ಒರಗಿದ. "ಯಾ ಅಲ್ಲಾ," ಎಂದು ಎರಡೂ ಕೈಯಿಂದ ಮುಖ ಒರೆಸಿಕೊಂಡ. "ಅಮ್ಮಾ, ಮೂವತ್ತ್ ವರ್ಸ ಆತು ಪಾನಾ ಹಿಡದು. ಈ ಒಂದ್ ಟಾಕಿ ನನ್ನ ಊಟಾ ನಿದ್ದಿ ಕೆಡಸಿತ್ತು. ಕೈ ಹೋತು ನಂದು, ಇನ್ನ ಧಂದೆ ಬಿಡಬೇಕು ಅಂತ ಮನ್ಯಾಗ ಹೇಳಾಕತ್ತಿದ್ದೆ. ಛಲೋ ಆತು ಹೇಳಿದ್ರಿ. ನಂದೂ ತಪ್ಪದರಿ. ಕಾಕ್ ಅಂದ್ರ ಯಾರಿಗೆ ತಿಳೀಬೇಕು? ನಳ ಅಂತ ಕೇಳಿದ್ರ ಅವತ್ತಾ ಮುಗೀತಿತ್ತು."

ಧರ್ಮಣ್ಣ ಗಂಟಲು ಸರಿಮಾಡಿಕೊಂಡ. "ರಾಜೇಸಾಬ, ನಾ ಅಂದಿದ್ದು ತಪ್ಪಾತಪಾ."

"ಬಿಡ್ರಿ ಸಾಬ್."

"ಬಿಡಂಗಿಲ್ಲ. ಇಲ್ಲಿ ಅಂದ್ರ ಆಗಂಗಿಲ್ಲ. ನಡಿ ಬಸ್‌ಸ್ಟ್ಯಾಂಡಿಗೆ, ಅದಾ ಚಹಾದ ಅಂಗಡಿ ಮುಂದ ಅಂತೇನಿ. ಗೌಸಮೊಹಿದ್ದೀನನೂ ಅಲ್ಲೇ ಕುಂತಿರ್ತಾನ."

ಹೋದರು ಕೂಡ. ಅಲ್ಲಿ ಧರ್ಮಣ್ಣ ಹೆಂಡತಿಯ ಹೆಸರೆತ್ತದೆ, "ನಮ್ಮನಿ ಮಂದೀದಾ ತಪ್ಪು, ಮಿಸ್ತ್ರಿದಲ್ಲ," ಎಂದು ಎರಡು ಗಾಡಿಯ ಪ್ರಯಾಣಿಕರಿಗೆ ಕೇಳಿಸುವಷ್ಟು ಜೋರಾಗಿ ಹೇಳಿದನಂತೆ. ಗೌಸಮೊಹಿದ್ದೀನ ಅಲ್ಲೇ ರಾಜೇಸಾಬನಿಗೆ ಹೊಸ ಮನೆಯ ಕೀಲಿ ಕೊಟ್ಟನಂತೆ. ಮನೆಗೆ ಬಂದು ಇದನ್ನೆಲ್ಲ ಹೇಳುವಾಗ ಧರ್ಮಣ್ಣನ ಎದೆ ಉಬ್ಬಿತ್ತು. ಕ್ಷಮೆ ಕೇಳುವುದರಲ್ಲೂ ಅವನಿಗೆ ಫಸ್ಟ್ ನಂಬರು ಬೇಕು.

ಮರುದಿನ ಐತಾರ, ಬೆಳಿಗ್ಗೆ ರಾಜೇಸಾಬ ಕರೆಯದೆ ಬಂದ. ಕೈಯಲ್ಲಿ ಗೇಣುದ್ದದ ಒಂದು ಪ್ಲಾಸ್ಟಿಕ್ ನಳಿಗೆ. "ಅಮ್ಮಾ, ಇದನ್ನ ಒಳಗ ಕೂಡಿಸಿದ್ರ ನೀರು ಟಾಕಿ ತಳಕ್ಕ ಇಳೀತದ. ಒಂಚೂರೂ ಸಪ್ಪಳ ಬರಂಗಿಲ್ಲ. ನಿಮ್ ಸಲುವಾಗಿ ತಂದೀನಿ."

ಮಾಣಿಕಮ್ಮ ಆ ನಳಿಗೆ ತಿರುಗಿಸಿ ತಿರುಗಿಸಿ ನೋಡಿ ಅವನ ಕೈಗೇ ಕೊಟ್ಟಳು. "ಬ್ಯಾಡಪ್ಪಾ, ಸಪ್ಪಳ ಇರ್ಲಿ. ನಿನ್ನಿಯಿಂದ ತಾನಾ ನಿಲ್ಲೋತನ ನಿಂತ್ ನೋಡಾಕತ್ತೇನಿ. ನಿಲ್ತದ, ಖರೇನಾ ನಿಲ್ತದ. ರೂಢಿ ಆಗ್ತದ ತಗೋ."

ಪಂಚಶೀಲಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಚೀಲ ಇನ್ನೂ ಮಂಚದ ಕೆಳಗೇ ಇತ್ತು. ಹತ್ತು ಗಂಟೆಯ ಮಣ್ಣೂರ ಬಸ್ಸಿಗೆ ಇನ್ನು ಅರ್ಧ ತಾಸು. ಏನಾದರೂ ಕೇಳಿದರೆ ಮುದುಕಿ ಹಟಕ್ಕೆ ಬಿದ್ದಾಳೆಂದು ಹೆದರಿ ಅವಳು ಬೆಳಗಿನಿಂದ ತುಟಿ ಬಿಚ್ಚಿರಲಿಲ್ಲ. ಅಷ್ಟರಲ್ಲಿ ಮಾಣಿಕಮ್ಮನ ಫೋನು ರಿಂಗಾಯಿತು. ಭೀಮಬಾಯಿಯ ದನಿ ಪಡಸಾಲೆ ತುಂಬ ಕೇಳಿಸುವಂಥದ್ದು.

"ಜೈಭೀಮ ಅಕ್ಕಾ. ಬಸ್ ಹತ್ತೀ ಏನು? ಜ್ವಾಳದ ಸೀತನಿ ಸುಟ್ಟಿಡ್ಲಾ?"

ಮಾಣಿಕಮ್ಮ ಸೊಸೆಯ ಕಡೆ ನೋಡಿದಳು. ಪಂಚಶೀಲಾ ಕೈಯಲ್ಲಿದ್ದ ಅರಿವೆ ಹಿಂಡುತ್ತಲೇ ನಿಂತಿದ್ದಳು.

"ಸುಡಬ್ಯಾಡವ್ವಾ, ಹಸೀ ತೆನೀನೇ ಕಟ್ಕೊಂಡು ನೀನಾ ಬಾ. ನಿಂದೂ ಮಣಕಾಲ ನೋವಂತಿದ್ದಿ. ಇಲ್ಲಿ ಕುರ್ಚಿ ಮ್ಯಾಲ ಆರಾಮ ಕೂಡು. ಒಂದ್ ನಾಕ್ ದಿನ ಇದ್ದು ಹೋಗು."

"ಅಯ್ಯ, ನೀ ಬರ್ತೇನಂದಿದ್ದೆಲಾ? ಏನಾತು?"

"ಏನಿಲ್ಲ. ನನ್ ಮನಿ ಬಿಟ್ಟು ನಾ ಎಲ್ಲಿಗ್ ಬರ್ಲೇ ಹುಚ್ಚೀ?"

ಪಂಚಶೀಲಾಳ ಎದೆ ಹೂವಿನಷ್ಟು ಹಗುರಾಯಿತು. ಅಳು ಬಂತು, ಆದರೆ ಅತ್ತರೆ ಮುದುಕಿ ಬೈಯುತ್ತಾಳೆ. ಅವಳು ಒಳಗೆ ಹೋಗಿ ಮತ್ತೆ ಎರಡು ಸೇರು ಹಿಟ್ಟು ಪರಾತಕ್ಕೆ ಸುರಿದುಕೊಂಡು, ರೊಟ್ಟಿ ಬಡಿಯಲು ಕುಂತಳು.